ತಿರುಮಲಮ್ಮನ ಹೆಸರು ಉಜ್ಜಬೇಡಿ

ಹೊಳೆನರಸೀಪುರ
೧೨-೬-೨೦೦೫

ಚಿ. ರಂಜನಿಗೆ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನೀನೂ ಚೆನ್ನಾಗಿದ್ದೀಯೆ ಎಂದು ಸಂಪತ್ಕುಮಾರ ಹಾಸನದಿಂದ ಬಂದು ಹೇಳಿದ. ಜತೆಗೆ ಇನ್ನೊಂದು ಸಂಗತಿಯನ್ನೂ ಹೇಳಿದ. ಅದಕ್ಕೇ ಈ ಕಾಗದ.

ನೀನೂ ನಿನ್ನ ಕಾಲೇಜಿನ ಜತೆಗಾರ ಧರ್ಮೇಂದ್ರನೂ ಸೇರಿ ಆಲೂಗಡ್ಡೆ ಗೋದಾಮಿನವರಿಗೆ 'ಕಣಜ' ಎಂಬ ಕಂಪ್ಯೂಟರ್ ಪ್ರೋಗ್ರಾಮು ಮಾಡಿ ಮಾರುತ್ತಿದ್ದೀರಿ ಎಂಬುದು ನನಗೆ ಗೊತ್ತಿತ್ತು. ಆದರೆ ಅದರ ಹೊಟ್ಟೆಯೊಳಗಿನ ಮುಖ್ಯ ಭಾಗ ನಿಮ್ಮದಲ್ಲವಂತೆ. ಯಾರೋ ಪರದೇಶದವರು ಬಿಟ್ಟಿಯಾಗಿ ಕೊಟ್ಟದ್ದಂತೆ. ಅದನ್ನು ಒಳಗಿಟ್ಟು ನೀವು ದುಡ್ಡಿಗೆ ಮಾರುತ್ತೀರಂತೆ. ಸಂಪತ್ತು ಇದನ್ನು ನಗುತ್ತಾ ಹೇಳಿದ. ನನಗೆ ನಗು ಬರಲಿಲ್ಲ.

ನನ್ನ ತಂಗಿ ತೀರಿಕೊಂಡಾಗ ನಿನಗೆ ಏಳು ವರ್ಷ. ಅಂದಿನಿಂದ ಈ ಮನೆಯಲ್ಲಿ ಬೆಳೆದವಳು ನೀನು. ಬಿಟ್ಟಿ ತಂದು ಮಾರುವುದನ್ನು ಇಲ್ಲಿ ಯಾರೂ ನಿನಗೆ ಕಲಿಸಲಿಲ್ಲ. ನಾನು ಎಸ್.ಎಸ್.ಎಲ್.ಸಿ. ಪಾಸು ಮಾಡಿದವಳು. ಬಿಡಿಸಿ ಹೇಳಿದರೆ ತಿಳಿಯುತ್ತದೆ. ಕಾಗದದಲ್ಲೇ ಬರೆ. ಫೋನಿನ ಮಾತು ನನಗೆ ಹಿಡಿಸುವುದಿಲ್ಲ.

ವಸಂತ


ಹಾಸನ
೨೦-೬-೨೦೦೫

ಪೂಜ್ಯ ದೊಡ್ಡಮ್ಮನಿಗೆ ರಂಜನಿಯ ನಮಸ್ಕಾರಗಳು.

ಸಂಪತ್ತಣ್ಣ ಹೇಳಿದ್ದು ನಿಜ. ಆದರೆ ಅರ್ಧ ಮಾತ್ರ ಹೇಳಿದ್ದಾನೆ.

ರೈತ ಜನವರಿಯಲ್ಲಿ ಬಿತ್ತನೆ ಆಲೂಗಡ್ಡೆಯನ್ನು ಶೀತಲ ಗೋದಾಮಿಗೆ ಹಾಕುತ್ತಾನೆ. ಮೇ ತಿಂಗಳಲ್ಲಿ ಅವನ ಮೂಟೆ ಅವನಿಗೇ ಸಿಗಬೇಕು. ಯಾರ ಮೂಟೆ, ಯಾವ ತಳಿ, ಯಾವ ಕೋಣೆ, ಎಷ್ಟನೆಯ ಸಾಲು, ಎಲ್ಲವನ್ನೂ ಬರೆದಿಡಬೇಕು. ಬರೆಯುವ ಪರದೆ, ಚೀಟಿ, ಕನ್ನಡದ ಅಕ್ಷರ, ಇವೆಲ್ಲ ನಮ್ಮ ಕೆಲಸ. ಬರೆದದ್ದನ್ನು ಹಿಡಿದಿಟ್ಟುಕೊಳ್ಳಲು ಒಳಗೆ ಒಂದು ದೊಡ್ಡ ಪುಸ್ತಕ ಬೇಕು. ಸಾಲು, ಅಂಕಣ ಎಲ್ಲ ಇರುವ, ಒಂದು ಪುಟಕ್ಕೂ ಇನ್ನೊಂದು ಪುಟಕ್ಕೂ ಕೊಂಡಿ ಇರುವ, ಹತ್ತು ಜನ ಒಟ್ಟಿಗೆ ಬರೆದರೂ ಕಲಸಿಹೋಗದ ಪುಸ್ತಕ. ಅದನ್ನು ಡೇಟಾಬೇಸ್ ಎನ್ನುತ್ತಾರೆ. ಅದನ್ನು ಹೊಸದಾಗಿ ಮಾಡಲು ನಮ್ಮಿಬ್ಬರ ಆಯುಸ್ಸು ಸಾಲದು. ದೊಡ್ಡ ಕಂಪನಿಯದನ್ನು ಕೊಳ್ಳೋಣವೆಂದರೆ ಅದರ ಬೆಲೆ ಗೋದಾಮಿನ ಕಂಪ್ಯೂಟರಿಗಿಂತ ಹೆಚ್ಚು.

ಪೋಸ್ಟ್‌ಗ್ರೆಸ್ ಎಂಬುದೊಂದು ಇದೆ. ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು, ಈಗ ಎಲ್ಲ ದೇಶದವರೂ ಸೇರಿ ಮಾಡುತ್ತಿದ್ದಾರೆ. ಯಾರು ಬೇಕಾದರೂ ತೆಗೆದುಕೊಳ್ಳಿ, ತಿದ್ದಿ, ನಿಮ್ಮ ಮಾಲಿನೊಳಗಿಟ್ಟು ಮಾರಿ, ನಮಗೇನೂ ಕೊಡಬೇಡಿ ಎಂದು ಅವರೇ ಬರೆದುಕೊಟ್ಟಿದ್ದಾರೆ. ನಮ್ಮ ಕಣಜವೂ ಅದೂ ಒಂದೇ ಸಿ.ಡಿ.ಯಲ್ಲಿ ಹೋಗುತ್ತವೆ. ಗಿರಾಕಿ ಒಂದು ಸಲ ಒತ್ತಿದರೆ ಎರಡೂ ಕೂತುಕೊಳ್ಳುತ್ತವೆ.

ನಿಮ್ಮ ಸೊಂಟದಲ್ಲಿರುವ ಪಾತ್ರೆ ಕೋಣೆಯ ಕೀಲಿಯನ್ನೇ ನೋಡಿಕೊಳ್ಳಿ ದೊಡ್ಡಮ್ಮ. ಅಡಿಗೆ ರಂಗಸ್ವಾಮಿ ನಿಮ್ಮಲ್ಲಿ ಕೊಪ್ಪರಿಗೆಯನ್ನು ಬಿಟ್ಟಿ ಒಯ್ಯುತ್ತಾನೆ, ಮದುವೆ ಮನೆಯಲ್ಲಿ ಅಡಿಗೆಗೆ ದುಡ್ಡು ತೆಗೆದುಕೊಳ್ಳುತ್ತಾನೆ. ಅವನನ್ನು ಯಾರಾದರೂ ಕಳ್ಳ ಎನ್ನುತ್ತಾರೆಯೇ? ನಾವು ರಂಗಸ್ವಾಮಿ.

ನಿಮ್ಮ ಮಗಳು
ರಂಜನಿ


ಹೊಳೆನರಸೀಪುರ
೨೭-೬-೨೦೦೫

ಚಿ. ರಂಜನಿಗೆ,

ಪಾತ್ರೆ ಕೋಣೆಯ ಹೋಲಿಕೆ ಸರಿಯಾಗಿದೆ. ನಿನ್ನ ಕಾಗದವನ್ನು ಎರಡು ಸಲ ಓದಿದೆ, ತಪ್ಪು ಸಿಗಲಿಲ್ಲ.

ಆ ಕೋಣೆಯ ವಿಚಾರ ನಿನಗೆ ಗೊತ್ತಿದ್ದರೂ ಬರೆಯುತ್ತೇನೆ. ೧೯೪೧ರಲ್ಲಿ ತಿರುಮಲಮ್ಮನವರ ಜ್ಞಾಪಕಾರ್ಥ ಅವರ ಮನೆಯವರು ಎರಡು ಕೊಪ್ಪರಿಗೆ ಕೊಟ್ಟರು. ಆಮೇಲೆ ಒಬ್ಬೊಬ್ಬರು ಒಂದೊಂದು ಸೇರಿಸಿ ಈಗ ನೂರ ಹದಿನೆಂಟು ಪಾತ್ರೆಗಳಿವೆ. ಒಂದೊಂದರ ಮೇಲೂ ಕೊಟ್ಟವರ ಹೆಸರು ಕೊರೆದಿದೆ. ಮೂವತ್ತನಾಲ್ಕು ವರ್ಷದಿಂದ ಕೀಲಿ ನನ್ನಲ್ಲಿದೆ, ಪುಸ್ತಕವೂ ನನ್ನಲ್ಲಿದೆ. ಕ್ರಮಸಂಖ್ಯೆ, ಪಾತ್ರೆ, ಒಯ್ದವರು, ಬೀದಿ, ಹೋದ ದಿನ, ಬಂದ ದಿನ. ನಿನ್ನ ಡೇಟಾಬೇಸು ನನಗೇನೂ ಹೊಸದಲ್ಲ. ಬಾಡಿಗೆಯಿಲ್ಲ. ಕೇಳಿದವರಿಗೆ ಇಲ್ಲವೆಂದಿಲ್ಲ. ಒಂದೇ ಕರಾರು, ಹೆಸರು ಉಜ್ಜಬಾರದು.

೧೯೭೯ರಲ್ಲಿ ನಿನ್ನ ಇದೇ ರಂಗಸ್ವಾಮಿ ಅರಕಲಗೂಡಿನ ಒಂದು ಮದುವೆಯಲ್ಲಿ ಪಾತ್ರೆಯೆಲ್ಲ ತನ್ನದೇ ಎಂದು ತೋರಿಸಿಕೊಳ್ಳಲು ತಿರುಮಲಮ್ಮನ ಹೆಸರನ್ನು ಅರದಿಂದ ಉಜ್ಜಿಸಿದ್ದ. ಅವನ ಕೈಯಿಂದಲೇ ಮತ್ತೆ ಕೊರೆಸಿ ತರಿಸಿದೆ. ಮೂರು ವರ್ಷ ಅವನಿಗೆ ಒಂದು ಸೌಟು ಕೂಡ ಕೊಡಲಿಲ್ಲ.

ಆ ಪರದೇಶದವರು ಏನೂ ಬೇಡವೆಂದರು ಎಂದು ಬರೆದಿದ್ದೀಯೆ. ಏನೂ ಬೇಡವೆನ್ನುವವರು ಹೆಸರನ್ನಾದರೂ ಕೇಳುತ್ತಾರೆ. ನಿನ್ನ ಕಣಜದಲ್ಲಿ ಅವರ ಹೆಸರು ಎಲ್ಲಿದೆ? ಅದನ್ನು ಬರೆ.

ವಸಂತ


ಹಾಸನ
೧೮-೮-೨೦೦೫

ಪೂಜ್ಯ ದೊಡ್ಡಮ್ಮನಿಗೆ,

ಏಳು ವಾರ ಉತ್ತರ ಬರೆಯಲಿಲ್ಲ. ಕೆಲಸ ಹೆಚ್ಚಿತ್ತು ಎಂದು ಬರೆಯೋಣವೆಂದು ನಾಲ್ಕು ಸಲ ಕೂತೆ. ಅದು ಸುಳ್ಳಾಗುತ್ತಿತ್ತು.

ಹೆಸರು ಎಲ್ಲಿಯೂ ಇರಲಿಲ್ಲ. ಅವರು ಕೇಳಿದ್ದೂ ಅದೊಂದನ್ನೇ. ತಮ್ಮ ಹೆಸರಿನ ಒಂದು ಸಣ್ಣ ಒಕ್ಕಣೆ ಪ್ರತಿಯೊಂದು ಪ್ರತಿಯ ಜತೆಗೂ ಹೋಗಬೇಕು ಎಂದು. ಅದನ್ನು ಸಿ.ಡಿ.ಯಿಂದ ತೆಗೆದುಹಾಕಿದ್ದೆವು. 'ತೆಗೆದುಹಾಕಿದ್ದೆವು' ಎಂದು ಬರೆದದ್ದು ತಪ್ಪು, ತೆಗೆದವಳು ನಾನು. ಧರ್ಮೇಂದ್ರ ಬೇಡವೆಂದಿದ್ದ. ಚನ್ನರಾಯಪಟ್ಟಣದ ಒಬ್ಬ ವರ್ತಕರು ಮೊದಲ ದಿನ, ಎಲ್ಲ ನೀವೇ ಮಾಡಿದ್ದೇನಮ್ಮ ಎಂದು ಕೇಳಿದರು. ಹೌದು ಎಂದುಬಿಟ್ಟೆ. ಆ ಹೌದನ್ನು ಕಾಪಾಡಿಕೊಳ್ಳಲು ಹೆಸರು ತೆಗೆದೆ.

ನಿಮ್ಮ ಕಾಗದ ಬಂದ ಮೇಲೆ ಹನ್ನೊಂದು ಸಿ.ಡಿ.ಗಳನ್ನೂ ವಾಪಸು ತಂದೆವು. ಹಾಸನದಲ್ಲಿ ಐದು, ಅರಕಲಗೂಡಿನಲ್ಲಿ ನಾಲ್ಕು, ಚನ್ನರಾಯಪಟ್ಟಣದಲ್ಲಿ ಎರಡು. ಪ್ರತಿ ಅಂಗಡಿಗೂ ನಾನೇ ಹೋಗಿ, ಇದರ ಒಳಗಿನ ಪುಸ್ತಕ ನಮ್ಮದಲ್ಲ, ಹಿಂದೆ ನಮ್ಮದೆಂದದ್ದು ತಪ್ಪು ಎಂದು ಹೇಳಿ ಹೊಸದು ಹಾಕಿಕೊಟ್ಟೆ. ಈಗ ಒಕ್ಕಣೆ ಪೂರ್ತಿ ಇದೆ. ಅಷ್ಟೇ ಅಲ್ಲ, ಕಣಜ ತೆರೆದ ಕೂಡಲೇ ಮೊದಲ ಪರದೆಯಲ್ಲಿ ಅವರ ಹೆಸರು ಕಾಣುತ್ತದೆ. ನಮ್ಮದು ಅದರ ಕೆಳಗೆ.

ರಂಜನಿ


ಹೊಳೆನರಸೀಪುರ
೨೪-೮-೨೦೦೫

ಚಿ. ರಂಜನಿಗೆ,

ಸರಿ. ಈಗ ಯಾರಿಗೂ ತಲೆ ತಗ್ಗಿಸಬೇಕಾಗಿಲ್ಲ. ಸಂಪತ್ತುವಿನ ಕೈಲಿ ಮಾಗಾಳಿ ಬೇರಿನ ಉಪ್ಪಿನಕಾಯಿ ಕಳಿಸಿದ್ದೇನೆ. ಧರ್ಮೇಂದ್ರನಿಗೂ ಒಂದು ಬಾಟಲಿ ಇದೆ. ಬೇಡವೆಂದವನು ಅವನು.

ವಸಂತ


ಹಾಸನ
೩-೧೦-೨೦೦೫

ದೊಡ್ಡಮ್ಮನಿಗೆ,

ಗೌರೀಶಂಕರ ಅವರು ನಮ್ಮನ್ನು ಬೇಡವೆಂದರು.

ಅವರಿಗೆ ಹಾಸನ, ಅರಕಲಗೂಡು, ಚನ್ನರಾಯಪಟ್ಟಣ ಮೂರೂ ಕಡೆ ಶೀತಲ ಗೋದಾಮುಗಳಿವೆ. ಮೂರಕ್ಕೂ ಕಣಜವನ್ನೇ ಹಾಕುವುದೆಂದು ಮಾತಾಗಿತ್ತು. ಅದನ್ನೇ ನಂಬಿ ಎರಡು ವರ್ಷ ದುಡಿದಿದ್ದೇವೆ. ಇದು ತಪ್ಪಿದರೆ ಜನವರಿಯ ನಂತರ ನಮ್ಮ ಅಂಗಡಿ ಇರುವುದಿಲ್ಲ. ಮೊದಲ ಪರದೆಯಲ್ಲಿದ್ದ ಹೆಸರನ್ನು ಓದಿ ಇದೇನು ಎಂದು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬಿಟ್ಟಿ ಸಿಗುವುದನ್ನು ನನಗೆ ಮಾರಲು ಬಂದಿದ್ದೀಯಾ ಎಂದು ಎದ್ದು ಹೋದರು. ನೀವು ಹೇಳಿದಂತೆ ನಡೆದುಕೊಂಡೆ ದೊಡ್ಡಮ್ಮ. ಅದರ ಫಲ ಇದು.

ಇನ್ನೊಂದು ಮಾತು. ಹಿಂದೆಯೇ ಬರೆಯಬೇಕಿತ್ತು, ಧೈರ್ಯವಿರಲಿಲ್ಲ. ಈಗ ಕಳೆದುಕೊಳ್ಳುವುದೇನೂ ಇಲ್ಲ. 'ಕೇಳಿದವರಿಗೆ ಇಲ್ಲವೆಂದಿಲ್ಲ' ಎಂದು ಬರೆದಿದ್ದಿರಿ. ೧೯೮೮ರ ಮೇ ತಿಂಗಳಲ್ಲಿ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕಸ ಗುಡಿಸುತ್ತಿದ್ದ ಬೆಟ್ಟಮ್ಮ ಹಿರಿಯ ಮಗಳ ಮದುವೆಗೆ ಎರಡು ಕೊಪ್ಪರಿಗೆ ಕೇಳಿಕೊಂಡು ಬಂದರು. ಎಲ್ಲ ಹೊರಗೆ ಹೋಗಿವೆ ಎಂದಿರಿ. ನಾನು ಒಳಗೆ ನಿಂತಿದ್ದೆ. ಕೊಪ್ಪರಿಗೆಗಳೂ ನನ್ನ ಪಕ್ಕದಲ್ಲೇ ನಿಂತಿದ್ದವು. ಬೆಟ್ಟಮ್ಮ ಧರ್ಮೇಂದ್ರನ ತಾಯಿ. ಅವನು ಆ ದಿನ ಬೀದಿಯಲ್ಲಿ ಗಾಡಿ ಹಿಡಿದುಕೊಂಡು ಕಾಯುತ್ತಿದ್ದನಂತೆ. ಈ ಹತ್ತು ವರ್ಷದಲ್ಲಿ ನನ್ನ ಹತ್ತಿರ ಒಂದು ಸಲವೂ ಆ ಮಾತು ಎತ್ತಿಲ್ಲ. ನಾನು ಕೇಳಿದ್ದಕ್ಕೆ ಮೊನ್ನೆ ಹೇಳಿದ.

ಪೋಸ್ಟ್‌ಗ್ರೆಸ್‌ನವರು 'ಯಾರು ಬೇಕಾದರೂ' ಎಂದಿದ್ದಾರೆ. ಅವರ ಒಕ್ಕಣೆಯಲ್ಲಿ ಬೀದಿ ಎಂಬ ಅಂಕಣವಿಲ್ಲ.

ರಂಜನಿ


ಹೊಳೆನರಸೀಪುರ
೮-೧೦-೨೦೦೫

ರಂಜನಿಗೆ,

ನಿನ್ನ ನೆನಪು ತಪ್ಪು. ಆ ದಿನ ಪಾತ್ರೆಗಳು ಹೊರಗೇ ಇದ್ದವು. ಪುಸ್ತಕ ಅಟ್ಟದ ಮೇಲಿದೆ. ಇಳಿಸಿ, ಆ ಪುಟವನ್ನೇ ನಕಲು ಮಾಡಿ ಕಳಿಸುತ್ತೇನೆ.

ವಸಂತ


ಹೊಳೆನರಸೀಪುರ
೧೧-೧೨-೨೦೦೫

ಚಿ. ರಂಜನಿಗೆ,

ಪುಟದ ನಕಲು ಇದರ ಜತೆಗಿದೆ. ೧೯೮೮ರ ಮೇ ೯ರಿಂದ ೨೧ರವರೆಗೆ ಏನೂ ಬರೆದಿಲ್ಲ. ಒಂದು ಪಾತ್ರೆಯೂ ಹೊರಗೆ ಹೋಗಿರಲಿಲ್ಲ. ಅಕ್ಷರ ನನ್ನದೇ, ಸುಳ್ಳೂ ನನ್ನದೇ.

ಪುಸ್ತಕವನ್ನು ಇಳಿಸಿದ್ದು ಅಕ್ಟೋಬರಿನಲ್ಲೇ. ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂದು ಕೇಳಬೇಡ. ನೀನೂ ಏಳು ವಾರ ತೆಗೆದುಕೊಂಡಿದ್ದೆ.

ಕಳೆದ ಗುರುವಾರ, ಬೆಟ್ಟಮ್ಮ ಈಗಿರುವ ದುದ್ದಕ್ಕೆ ಹೋಗಿದ್ದೆ. ಹಾಸನದಲ್ಲಿ ಬಸ್ಸು ಬದಲಾಯಿಸಿದರೂ ನಿನ್ನ ಕಡೆಗೆ ಬರಲಿಲ್ಲ. ಬೆಟ್ಟಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಗಂಡ ಹುಚ್ಚಯ್ಯ ನನ್ನನ್ನು ಕಂಡು ಚಾಪೆ ತರಲು ಒಳಗೆ ಹೋದ. ಅವಳು ಏಳಲಿಲ್ಲ. ಅದು ಸರಿಯಾಗಿಯೇ ಇತ್ತು. ಆ ದಿನ ನಾನು ಹೇಳಿದ್ದು ಸುಳ್ಳು ಎಂದು ತಿಳಿಸಲು ಬಂದಿದ್ದೇನೆ ಎಂದೆ. ಅವಳು ಕಾಯಿ ಸುಲಿಯುತ್ತಲೇ ಅಂದಳು:

"ನಂಗೊತ್ತಿತ್ತು ಕಣವ್ವ. ಕಿಟಕಿಯಾಗೆ ಕಾಣ್ತಿದ್ವು."

ಇನ್ನೊಂದು ಕಾಯಿ ಕೈಗೆತ್ತಿಕೊಂಡು, ನಗದೆ ಕೇಳಿದಳು: "ಒರಗೋಗಿದ್ದ ಪಾತ್ರೆ ಈಗ ತಿರುಗಿ ಬಂದ್ವಾ ಅವ್ವಾ?"

ಬಂದವು ಎಂದೆ. ನನಗೆ ಎಪ್ಪತ್ತನಾಲ್ಕು ವರ್ಷ. ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ.

ಕಿರಿಯ ಮಗಳು ಸಂಘಮಿತ್ರಾಳಿಗೆ ಫೆಬ್ರವರಿಯಲ್ಲಿ ಮದುವೆಯಂತೆ. ಪಾತ್ರೆ ಎಷ್ಟು ಬೇಕೋ ಅಷ್ಟನ್ನು ನಾನೇ ಕಳಿಸಿಕೊಡುತ್ತೇನೆ ಎಂದೆ. ಆ ಹುಡುಗಿ ಮೇಷ್ಟರ ಕೆಲಸದಲ್ಲಿದ್ದಾಳೆ, ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಕಳಿಸುವುದು ಬೇಡ, ನಾವೇ ಬಂದು ಕೇಳುತ್ತೇವೆ, ಎಲ್ಲರ ಹಾಗೆ ಪುಸ್ತಕದಲ್ಲಿ ಬರೆದು ಕೊಡಿ, ನಮಗೆ ದಾನ ಬೇಡ, ಎರವಲು ಸಾಕು ಎಂದಳು. ಅವಳ ಗಂಟಲು ಖಣಿಲ್ ಎನ್ನುತ್ತದೆ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸಿತು. ಆಮೇಲೆ ಕಾಫಿ ತಂದಳು. ಕುಡಿದೆ. ಬೆಲ್ಲದ ಕಾಫಿ, ಚೆನ್ನಾಗಿತ್ತು.

ಇನ್ನು ಗೌರೀಶಂಕರ. ಅವನು ನಮ್ಮ ಪೇಟೆ ಬೀದಿಯ ಹುಡುಗ. ಧರ್ಮೇಂದ್ರನಿಗೆ ಹೇಳು, ಸಂಕ್ರಾಂತಿ ಕಳೆದ ಮೇಲೆ ಬರುತ್ತೇನೆ, ಕಂಪ್ಯೂಟರ್ ಸಿದ್ಧವಾಗಿರಲಿ. ನೀನು ಬರುವುದು ಬೇಡ. ನೀನಿದ್ದರೆ ನಾನು ನಿನ್ನ ದೊಡ್ಡಮ್ಮನಾಗಿ ಮಾತಾಡಿದಂತಾಗುತ್ತದೆ. ನಾನು ಪಾತ್ರೆ ಕೋಣೆಯ ವಸಂತಮ್ಮನಾಗಿ ಹೋಗುತ್ತೇನೆ.

ವಸಂತ


ಹೊಳೆನರಸೀಪುರ
೧೮-೧-೨೦೦೬

ಚಿ. ರಂಜನಿಗೆ,

ಸಂಗತಿಯನ್ನು ಧರ್ಮೇಂದ್ರ ಹೇಳಿರುತ್ತಾನೆ. ಆದರೂ ನಾನು ಬರೆಯುತ್ತೇನೆ. ಅವನು ಮಾತು ಕಡಿಮೆ ಆಡುವವನು, ಮುಖ್ಯವಾದದ್ದನ್ನೇ ಬಿಟ್ಟಿರುತ್ತಾನೆ.

ಗೌರೀಶಂಕರನ ಹಾಸನದ ಗೋದಾಮಿನ ಕಚೇರಿಯಲ್ಲಿ ಮೂಟೆ ಹಾಕಲು ಬಂದ ಹತ್ತು ಹನ್ನೆರಡು ರೈತರು ಕೂತಿದ್ದರು. ನನ್ನನ್ನು ಕಂಡು ಅವನು ಎದ್ದು ನಿಂತು ಕುರ್ಚಿ ಹಾಕಿಸಿದ. ಕಣಜ ಬೇಡವೆಂದೆಯಂತೆ, ಯಾಕಪ್ಪ ಎಂದೆ. ಮೆಲ್ಲಗೆ ಏನೋ ಅಂದ. ಜೋರಾಗಿ ಹೇಳು ಎಂದೆ. ಮತ್ತೊಂದು ಸಲ ಹೇಳಿದ. ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳು ಎಂದೆ. ರೈತರೆಲ್ಲ ಇತ್ತ ತಿರುಗಿದರು. ಮೂರನೆಯ ಸಲ ಹೇಳುವಾಗ ಅವನ ಮುಖ ಕೆಂಪಾಗಿತ್ತು.

"ಅಲ್ಲ ಕಣಮ್ಮ, ಒಳಗಿರೋದು ಬಿಟ್ಟಿ ಮಾಲು ಅಂತ ಅವ್ರೇ ಬರ್ಕೊಂಡವ್ರೆ. ಬಿಟ್ಟಿ ಸಿಕ್ಕಿದ್ದಕ್ಕೆ ನಾನ್ಯಾಕೆ ದುಡ್ಡು ಕೊಡ್ಲಿ?"

"ನಿನ್ನ ಮದುವೆ ಊಟ ಹೇಗಿತ್ತೋ?" ಎಂದೆ.

"ಊರೇ ಹೊಗಳ್ತು."

"ರಂಗಸ್ವಾಮಿಗೆ ದುಡ್ಡು ಕೊಟ್ಟೆ ತಾನೆ?"

"ಕೊಟ್ಟೆ."

"ಕೊಪ್ಪರಿಗೆ ಬಿಟ್ಟಿ, ತಿರುಮಲಮ್ಮನದು. ನೀನು ದುಡ್ಡು ಕೊಟ್ಟದ್ದು ಹುಳಿಗೋ ಕೊಪ್ಪರಿಗೆಗೋ?"

ರೈತರು ನಕ್ಕರು. ಅವನೂ ನಕ್ಕ, ಆದರೆ ಒಪ್ಪಲಿಲ್ಲ. ವ್ಯಾಪಾರಸ್ಥನ ಮಗ. ಊಟದ ಮಾತು ಬೇರೆ, ಹೋದ ವರ್ಷ ಕರೆಂಟು ಹೋಗಿ ಹಳೆಯ ಪ್ರೋಗ್ರಾಮಿನ ಬರಹವೆಲ್ಲ ಕೆಟ್ಟು ಯಾರ ಮೂಟೆ ಯಾರಿಗೋ ಹೋಯಿತು, ಬಿಟ್ಟಿ ಮಾಲು ಅದಕ್ಕಿಂತ ಗಟ್ಟಿಯೇ ಎಂದು ಕೇಳಿದ. ನಿಜವಾದ ಭಯ ಇದು ಎಂದು ಆಗ ಗೊತ್ತಾಯಿತು. ಅರಕಲಗೂಡು ಕಡೆಯ ಚೆನ್ನಯ್ಯ ಎಂಬ ರೈತ ಎದ್ದು ನಿಂತ.

"ನಂದು ಜ್ಯೋತಿ ತಳಿ, ನಲವತ್ತೆರಡು ಮೂಟೆ ಸಾ. ಓದ್ ವರ್ಷ ನಂದು ನಂಗೆ ಬರ್ನಿಲ್ಲ. ಬಂದ ಗಡ್ಡೆ ಮೊಳಕೇನೇ ಒಡೀನಿಲ್ಲ. ಮೊದ್ಲು ನಂದ ಬರೀರಿ, ಆಮೇಲೆ ಕರೆಂಟ್ ತೆಗೀರಿ. ಏನಾತದೋ ನೋಡ್ಬುಡಾನ."

ಧರ್ಮೇಂದ್ರ ಚೆನ್ನಯ್ಯನ ನಲವತ್ತೆರಡು ಮೂಟೆಯನ್ನು ಬರೆದು ಮುಗಿಸಿ ಚೀಟಿ ಕೊಟ್ಟ. ಇನ್ನೊಬ್ಬ ರೈತನದನ್ನು ಅರ್ಧ ಬರೆದಿದ್ದ. ಸ್ವಿಚ್ಚಿನ ಹತ್ತಿರ ಗೌರೀಶಂಕರನೇ ಹೋಗಿ ನಿಂತಿದ್ದ. ಅವನು ಕೈ ಎತ್ತುವ ಮೊದಲೇ ಕರೆಂಟಿನವರೇ ತೆಗೆದರು. ಇಡೀ ಬೀದಿ ಹೋಯಿತು.

ಮುಕ್ಕಾಲು ಗಂಟೆ ಕಾದೆವು. ಯಾರೂ ಎದ್ದು ಹೋಗಲಿಲ್ಲ.

ಕರೆಂಟು ಬಂತು. ಮೊದಲು ಆ ಪರದೇಶದವರ ಹೆಸರು ಕಾಣಿಸಿತು. ಅದರ ಕೆಳಗೆ ನಿಮ್ಮಿಬ್ಬರದು. ಆಮೇಲೆ ಪಟ್ಟಿ. ಅರ್ಧ ಬರೆದದ್ದು ಇರಲೇ ಇಲ್ಲ, ಒಂದು ಅಕ್ಷರ ಕೂಡ ಇಲ್ಲ. ಅರ್ಧಂಬರ್ಧ ಇಟ್ಟುಕೊಳ್ಳುವುದಿಲ್ಲ, ಪೂರ್ತಿ ಬರೆದರೆ ಬಿಡುವುದಿಲ್ಲ, ಇದರ ಕ್ರಮವೇ ಅದು ಎಂದು ಧರ್ಮೇಂದ್ರ ಹೇಳಿದ. ಚೆನ್ನಯ್ಯ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಓದಿದ.

"ಅವೆ ಕಣ್ ಸಾ. ನಲವತ್ತೆರಡೂ ಅವೆ."

ಗೌರೀಶಂಕರ ಮೂರು ಗೋದಾಮಿಗೂ ಒಪ್ಪಿದ. ಒಂದು ಮಾತು ನಾನೂ ಒಪ್ಪಿಸಿದೆ. ನಿನ್ನ ಕಡೆಯವರು ಯಾರೂ ಮೊದಲ ಪರದೆಯ ಹೆಸರು ತೆಗೆಯಬಾರದು ಎಂದು. ತಿರುಮಲಮ್ಮನ ಆಣೆಗೂ ತೆಗೆಯುವುದಿಲ್ಲ ಎಂದ. ಅಂಗಡಿ ಮುಚ್ಚುವ ಮಾತನ್ನು ಇನ್ನು ಆಡಬೇಡ.

ವಸಂತ


ಹಾಸನ
೨೫-೧-೨೦೦೬

ಪೂಜ್ಯ ದೊಡ್ಡಮ್ಮನಿಗೆ ನಮಸ್ಕಾರಗಳು.

ಮೂರು ಗೋದಾಮಿನ ಆರ್ಡರು ಕೈ ಸೇರಿತು. ಹಾಸನದ್ದನ್ನು ಹಾಕಿ ಆಯಿತು. ಚೆನ್ನಯ್ಯನವರು ದಿನಾ ಬಂದು ತಮ್ಮ ಮೂಟೆ ಇದೆಯೇ ಎಂದು ಪರದೆಯಲ್ಲಿ ನೋಡಿಕೊಂಡು ಹೋಗುತ್ತಾರೆ. ಗೌರೀಶಂಕರ ಅವರು ಬಂದವರಿಗೆಲ್ಲ ಮೊದಲ ಪರದೆ ತೋರಿಸಿ, ನಮ್ಮ ಗೋದಾಮಿಗೆ ವಿಶ್ವವಿದ್ಯಾಲಯದವರ ಮಾಲು ಎನ್ನುತ್ತಿದ್ದಾರೆ.

ಧರ್ಮೇಂದ್ರ ಮುಖ್ಯವಾದದ್ದನ್ನು ಬಿಡಲಿಲ್ಲ. ನೀವು ಗೌರೀಶಂಕರ ಅವರ ಬಾಯಿಂದ ಮೂರು ಸಲ ಹೇಳಿಸಿದ್ದು ಅವರನ್ನು ನಾಚಿಸಲೆಂದು ರೈತರೆಲ್ಲ ತಿಳಿದರಂತೆ. ಧರ್ಮೇಂದ್ರ ಹಾಗೆ ತಿಳಿಯಲಿಲ್ಲ. ನಾನೂ ತಿಳಿಯಲಿಲ್ಲ. ಫೋನಿನ ಮಾತು ನಿಮಗೆ ಯಾಕೆ ಹಿಡಿಸುವುದಿಲ್ಲ ಎಂದು ಈಗ ಗೊತ್ತಾಯಿತು. ಫೋನು ತೆಗೆಯಲಿಲ್ಲವೆಂದು ಐದು ವರ್ಷ ನಿಮ್ಮ ಮೇಲೆ ಸಿಟ್ಟಾಗಿದ್ದೆ. ಇಲ್ಲಿ ಒಳ್ಳೆಯ ಕಿವಿ ಡಾಕ್ಟರಿದ್ದಾರೆ. ಮುಂದಿನ ಸೋಮವಾರ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಕೇಳುತ್ತಿಲ್ಲ, ಹೇಳುತ್ತಿದ್ದೇನೆ. ಇದನ್ನು ಕಲಿತದ್ದು ನಿಮ್ಮಿಂದಲೇ.

ನಿಮ್ಮ ಮಗಳು
ರಂಜನಿ


ಹೊಳೆನರಸೀಪುರ
೫-೩-೨೦೦೬

ಚಿ. ರಂಜನಿಗೆ,

ಕಿವಿಯ ಯಂತ್ರ ಹಾಕಿಕೊಂಡಿದ್ದೇನೆ. ಈ ಮನೆಯಲ್ಲಿ ಇಷ್ಟು ಗಲಾಟೆ ಇದೆಯೆಂದು ಗೊತ್ತಿರಲಿಲ್ಲ.

ಪಾತ್ರೆಯ ವಿಚಾರ ಬರೆಯುತ್ತೇನೆ. ಸಂಘಮಿತ್ರಾಳ ಮದುವೆಗೆ ಮೂರು ದಿನ ಮೊದಲು ಬೆಟ್ಟಮ್ಮ ಟೆಂಪೋ ಮಾಡಿಕೊಂಡು ಧರ್ಮೇಂದ್ರನ ಜತೆ ಬಂದಳು. ಎಲ್ಲರ ಹಾಗೆ ಮುಂಬಾಗಿಲಲ್ಲಿ ನಿಂತು ಕೇಳಿದಳು. ನಾನೂ ಎಲ್ಲರಿಗೆ ಬರೆಯುವ ಹಾಗೆ ಬರೆದೆ. ಎರಡು ಕೊಪ್ಪರಿಗೆ, ಹನ್ನೆರಡು ತಪ್ಪಲೆ, ಸೌಟು, ಜಾಲರಿ. ಒಯ್ದವರು, ಬೆಟ್ಟಮ್ಮ. ಮುಂದಿನ ಅಂಕಣ 'ಬೀದಿ'. ಲೇಖನಿ ಅಲ್ಲಿ ನಿಂತಿತು. ಬೀದಿ ಬರೆಸಿದರೆ ಜಾತಿ ಬರೆಸಿದಂತೆಯೇ, ಆ ಅಂಕಣ ಇಟ್ಟದ್ದು ಅದಕ್ಕೇ ಎಂದು ನನಗೆ ಮೂವತ್ತನಾಲ್ಕು ವರ್ಷದಿಂದ ಗೊತ್ತಿತ್ತು.

ಮೊಮ್ಮಗ ಸಮರ್ಥನ ಕಂಪಾಸು ಪೆಟ್ಟಿಗೆಯ ಸ್ಕೇಲನ್ನೂ ಕೆಂಪು ಶಾಯಿಯನ್ನೂ ತರಿಸಿ ಆ ಅಂಕಣವನ್ನು ಮೇಲಿಂದ ಕೆಳಗಿನವರೆಗೆ ಹೊಡೆದುಹಾಕಿದೆ. ಮುಂದಿನ ಪುಟಗಳಲ್ಲಿ ಅದನ್ನು ಗೆರೆ ಹಾಕುವುದಿಲ್ಲ. ಪಾತ್ರೆ ಕೋಣೆಯ ಸಂಘದವರು ಏನಂದಾರೋ ಅಮ್ಮ ಎಂದ ಸಂಪತ್ತು. ಅನ್ನಲಿ, ಈಗ ನನಗೆ ಚೆನ್ನಾಗಿ ಕೇಳಿಸುತ್ತದೆ ಎಂದೆ. ಇದುವರೆಗೆ ಯಾರೂ ಏನೂ ಅಂದಿಲ್ಲ.

ಮದುವೆಯಲ್ಲಿ ನೀನೂ ಇದ್ದೆ, ಅದರ ಮಾತು ಬೇಡ. ಪಾತ್ರೆಗಳು ನಾಲ್ಕನೆಯ ದಿನ ಬಂದವು, ಹುಣಸೆಹಣ್ಣು ಹಾಕಿ ಬೆಳಗಿದ್ದರು. ತಿರುಮಲಮ್ಮನ ಹೆಸರನ್ನು ಬೆರಳಿಟ್ಟು ನೋಡಿದೆ. ಹಾಗೇ ಇದೆ. ಎಣಿಸಿದಾಗ ತಪ್ಪಲೆ ಹದಿಮೂರಾದವು. ಎರಡು ಸಲ ಎಣಿಸಿದೆ. ಒಂದು ಹೊಸದು. ಅದರ ಕಂಠದ ಮೇಲೆ 'ಬೆಟ್ಟಮ್ಮ ಹುಚ್ಚಯ್ಯ, ದುದ್ದ, ೨೦೦೬' ಎಂದು ದುಂಡಗೆ ಕೊರೆದಿತ್ತು. ಪುಸ್ತಕದಲ್ಲಿ ನೂರ ಹತ್ತೊಂಬತ್ತನೆಯದಾಗಿ ಹತ್ತಿಸಿದೆ.

ನಿನ್ನೆ ಕೋಟೆ ಬೀದಿಯ ಉಪನಯನಕ್ಕೆ ಹನ್ನೆರಡು ತಪ್ಪಲೆ ಬೇಕೆಂದು ಬಂದರು. ಅದನ್ನು ಮೇಲೆಯೇ ಇಟ್ಟು ಕೊಟ್ಟೆ. ಯಜಮಾನರು ತಿರುಗಿಸಿ ನೋಡಿ, ಇದು ಯಾರ ಹೆಸರು ಎಂದರು. ಕನ್ನಡದಲ್ಲೇ ಇದೆಯಲ್ಲ, ಓದಿ ಎಂದೆ. ಓದಿದರು. ಉಳಿದ ಹನ್ನೊಂದರ ಜತೆ ಅದನ್ನೂ ಒಯ್ದರು. ಇಂದು ಬೆಳಿಗ್ಗೆ ನಮ್ಮ ಮನೆಗೆ ಪಾಯಸ ಅದರಲ್ಲೇ ಬಂತು.

ವಸಂತ